ದುಗ್ಗಪ್ಪನ ಇಲ್ಲದ ಕೋವಿ

ಕೋವಿ ಲೈಸೆನ್ಸಿನ ಅರ್ಜಿಯ ಎಂಟನೆಯ ಕಲಮಿನವರೆಗೆ ದುಗ್ಗಪ್ಪ ನಿಷ್ಕಳಂಕ ಮನುಷ್ಯನಾಗಿದ್ದ. ಹೆಸರು, ತಂದೆಯ ಹೆಸರು, ಊರು ಹೆಬ್ಬೈಲು, ತಾಲ್ಲೂಕು ಹೊಸನಗರ, ಕಸುಬು ವ್ಯವಸಾಯ ಎಂದು ಶಾಲೆಯ ಮೇಷ್ಟರು ಮುತ್ತು ಪೋಣಿಸಿದ ಹಾಗೆ ಬರೆದುಕೊಂಡು ಬಂದಿದ್ದರು. ಒಂಬತ್ತನೆಯದನ್ನು ಓದಿದವರೇ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸತೊಡಗಿದರು. ಮೇಷ್ಟರು ಕನ್ನಡಕ ಒರೆಸಿದರೆ ಅದು ಕೆಟ್ಟ ಸುದ್ದಿಯ ಲಕ್ಷಣವೆಂದು ಅವರ ಹತ್ತಿರ ಮಕ್ಕಳ ಪರೀಕ್ಷೆಯ ವಿಷಯ ಕೇಳಲು ಹೋದ ತಂದೆತಾಯಿಯರಿಗೆಲ್ಲ ಗೊತ್ತು.

"ದುಗ್ಗಪ್ಪ, 'ಅರ್ಜಿದಾರನ ಮೇಲೆ ಹಿಂದೆ ಪೊಲೀಸ್ ತನಿಖೆ ನಡೆದಿದೆಯೇ, ನಡೆದಿದ್ದರೆ ಅದರ ಫಲವೇನು' ಅಂತ ಕೇಳಿದ್ದಾರೆ. ಎಂತ ಬರೀಲಿ?"

"ನಡೆದಿದ್ದು ಹೌದಲ್ಲ ಮೇಷ್ಟ್ರೆ. ಊರಿಗೆ ಊರೇ ನಿಂತು ನೋಡೈತೆ. ಸುಳ್ಳು ಬರೆದ್ರೆ ಆಗ್ತದಾ?"

"ಫಲ?"

"ಎಂತ ಫಲ? ಅವರಿಗೆ ಎಂತೂ ಸಿಕ್ಕಲಿಲ್ಲ."

ಮೇಷ್ಟರು ಬರೆದರು: "ನಡೆದಿದೆ. ಪೊಲೀಸರಿಗೆ ಏನೂ ಸಿಕ್ಕಲಿಲ್ಲ." ಮುಂದೆ ಹೆಬ್ಬೈಲಿನಲ್ಲಿ ನಡೆದ ಸಕಲ ಅನಾಹುತಕ್ಕೂ ಈ ನಾಲ್ಕು ಪದಗಳೇ ಮೂಲ.

ದುಗ್ಗಪ್ಪನಿಗೆ ಕೋವಿಯ ಆಸೆ ಇದ್ದದ್ದು ತನಗಾಗಿ ಅಲ್ಲ, ಹೆಂಡತಿ ಗುತ್ಯಮ್ಮನಿಗಾಗಿ. ಅವಳ ಅಪ್ಪ ಹುಲಿಯಪ್ಪ ಸಾಗರದ ಕಡೆಯವನು, ಶರಾವತಿ ದಂಡೆಯ ಮೇಲೆ ಮನೆ, ಗದ್ದೆ ಇದ್ದವನು. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿದರು, ನೀರು ನಿಂತಿತು. ಹುಲಿಯಪ್ಪನ ಮನೆ, ಗದ್ದೆ, ಗದ್ದೆಯ ಬದುವಿನ ಹಲಸಿನ ಮರ ಎಲ್ಲವೂ ನೀರಿನಡಿಗೆ ಹೋದವು. ಆತ ನಳಿಗೆಯ ಬಾಯಿಂದ ಮದ್ದು ತುಂಬುವ ಒಂದು ಕೇಪಿನ ಕೋವಿಯನ್ನು ಹೆಗಲಿಗೆ ಹಾಕಿಕೊಂಡು ಮಗಳ ಮನೆಗೆ ಬಂದು, ಎರಡು ವರ್ಷ ಇದ್ದು, ಅರ್ಜಿ ಹಾಕಿದ ವರ್ಷದ ಸುಗ್ಗಿಯಲ್ಲಿ ತೀರಿಕೊಂಡ. ಹನ್ನೆರಡನೆಯ ದಿನದ ಕಾರ್ಯ ಮುಗಿದ ಮೇಲೆ ಕೋವಿಯನ್ನು ಠಾಣೆಗೆ ಒಯ್ದು ಇಟ್ಟರು. ಲೈಸೆನ್ಸು ಸತ್ತವನ ಹೆಸರಿನಲ್ಲಿತ್ತು. ಆರು ತಿಂಗಳೊಳಗೆ ಮನೆಯವರು ಹೊಸ ಲೈಸೆನ್ಸು ಮಾಡಿಸಿಕೊಂಡರೆ ಸರಿ, ಇಲ್ಲದಿದ್ದರೆ ಶಿವಮೊಗ್ಗಕ್ಕೆ ಕಳಿಸಿ ತುಂಡು ಮಾಡಿ ಗುಜರಿಗೆ ಹಾಕುತ್ತಾರೆ ಎಂದು ಅಲ್ಲಿ ಹೇಳಿದರು.

"ಬೇರೆ ಹೆಂಗಸ್ರಿಗೆ ತವರು ಅಂದ್ರೆ ಮನೆ, ಅಂಗಳ, ಕೊಟ್ಟಿಗೆ," ಎಂದು ಗುತ್ಯಮ್ಮ ಮುದ್ದೆ ಬಡಿಸುತ್ತ ಹೇಳುತ್ತಿದ್ದಳು. "ನಂಗೆ ನಾಲ್ಕಡಿ ಕೋವಿ. ಅದನ್ನೂ ತುಂಡು ಮಾಡ್ತಾರಂತೆ."

ಇದನ್ನು ಕೇಳಿಕೊಂಡು ಮುದ್ದೆ ನುಂಗುವುದು ಯಾವ ಗಂಡನಿಗೂ ಕಷ್ಟ. ದುಗ್ಗಪ್ಪ ಅರ್ಜಿ ಹಾಕಿದ.

ಇನ್ನು ಆ ತನಿಖೆಯ ವಿಷಯ. ಅದು ಎಂಟು ವರ್ಷ ಹಿಂದಿನ ಕಥೆ.

ಹೆಬ್ಬೈಲಿನ ಶಿಕಾರಿಗೆ ಅದರದೇ ಕಾನೂನು ಇದೆ. ಹಂದಿ ಬಿದ್ದರೆ ತಲೆ ಮತ್ತು ಹಿಂದಿನ ತೊಡೆ ಹೊಡೆದವನಿಗೆ. ಉಳಿದದ್ದರಲ್ಲಿ ಬಂದ ಪ್ರತಿ ತಲೆಗೂ ಒಂದು ಪಾಲು, ಪ್ರತಿ ಕೋವಿಗೂ ಒಂದು ಪಾಲು, ನಾಯಿಗೆ ಅರ್ಧ. ಕೋವಿಯೂ ಇಲ್ಲದ, ನಾಯಿಯೂ ಇಲ್ಲದ ದುಗ್ಗಪ್ಪ ಹುಟ್ಟಿದಾರಭ್ಯ ಒಂದೇ ಪಾಲಿನ ಮನುಷ್ಯನಾಗಿ ಬಾಳಿದ್ದ. ಆ ದಿನ ಅವನು ಶಿಕಾರಿಗೂ ಹೋಗಿರಲಿಲ್ಲ, ತಪ್ಪಿಸಿಕೊಂಡ ಎಮ್ಮೆ ಹುಡುಕಲು ಹೋಗಿದ್ದ. ಹಳ್ಳದ ಕೊರಕಲಿನಲ್ಲಿ ನೋಡಿದರೆ ಎಮ್ಮೆಯಷ್ಟೇ ದೊಡ್ಡ ಹಂದಿ! ನಾಯಿಗಳಿಗೆ ಹೆದರಿ ಓಡಿ, ಮೇಲಿನ ಕಡಿದಾದ ದರೆಯಿಂದ ಉರುಳಿ, ಬಂಡೆಗೆ ತಲೆ ಬಡಿದುಕೊಂಡು ಸತ್ತುಬಿದ್ದಿತ್ತು. ದುಗ್ಗಪ್ಪ ಏದುಸಿರು ಬಿಡುತ್ತ ಅದರ ಮೇಲೆಯೇ ಕುಳಿತ. ಅಷ್ಟರಲ್ಲಿ ನಾಯಿಗಳು ಬಂದವು, ನಾಯಿಗಳ ಹಿಂದೆ ಶಿಕಾರಿಯವರು.

"ಯಾರಾ ಹೊಡೆದಿದ್ದು?" ಎಂದು ಪಟೇಲ ವಾಸಪ್ಪಗೌಡರು ದರೆಯ ಮೇಲಿಂದಲೇ ಕೂಗಿದರು.

ಹಂದಿಯ ಮೇಲೆ ಕುಳಿತವನಿಗೆ ಒಂದು ಬಗೆಯ ಎತ್ತರ ಬರುತ್ತದೆ. ದುಗ್ಗಪ್ಪನ ಬಾಯಿಂದ "ನಾನೇ" ಎಂದು ಬಂದುಬಿಟ್ಟಿತು.

"ನೀನಾ? ಕೋವಿ ಎಲ್ಲೋ?"

"ಇಟ್ಟು ಬಂದೆ."

ಬೆಳಗಿನಿಂದ ಆ ಹಂದಿಯ ಹಿಂದೆ ಓಡಿ ಎರಡು ಈಡು ಹೊಡೆದಿದ್ದ ಪಕ್ಕದ ಮನೆಯ ಜಟ್ಟಿಂಗಪ್ಪ, ಅದು ತನ್ನ ಈಡೇ ಎಂದು ಎಗರಾಡಿದ. ಗೌಡರು ಹಂದಿಯ ಕಿವಿಯ ಹಿಂದಿನ ಗಾಯ ನೋಡಿ, ಇಂಥ ಜಾಗಕ್ಕೆ ಗುಂಡು ಹೊಡೆಯುವುದು ಜಟ್ಟಿಂಗಪ್ಪನ ಜನ್ಮದಲ್ಲಿ ಸಾಧ್ಯವಿಲ್ಲ ಎಂದು ತೀರ್ಮಾನ ಕೊಟ್ಟರು. ತಲೆ ದುಗ್ಗಪ್ಪನ ಮನೆಗೆ ಹೋಯಿತು. ಮೂರನೆಯ ದಿನ ಠಾಣೆಗೊಂದು ಮೂಕರ್ಜಿ ಹೋಯಿತು. ಮೂಕರ್ಜಿಗೆ ಸಹಿ ಇರುವುದಿಲ್ಲ; ಆದರೆ ಅದರಲ್ಲಿ "ನ್ಯಾಯವಾಗಿ ಜಟ್ಟಿಂಗಪ್ಪ ಎಂಬ ಮರ್ಯಾದಸ್ಥರಿಗೆ ಸೇರಬೇಕಾದ ತಲೆ" ಎಂಬ ಮಾತು ಎರಡು ಸಲ ಇತ್ತು.

ಲೈಸೆನ್ಸಿಲ್ಲದ ಕೋವಿ ಹುಡುಕಲು ಪೊಲೀಸರು ಬಂದರು. ಹುಲ್ಲಿನ ಬಣವೆ ಕಿತ್ತರು, ಬಾವಿಗೆ ಪಾತಾಳಗರಡಿ ಬಿಟ್ಟರು, ಅಟ್ಟ ತಡಕಿದರು. ಸೀತಾರಾಮಪ್ಪ ಎಂಬ ಹೊಸ ಪೇದೆ ಗೊಬ್ಬರದ ಗುಂಡಿಯನ್ನು ಕೋಲಿನಿಂದ ಚುಚ್ಚಿ ನೋಡಲು ಹೋಗಿ ಸೊಂಟದವರೆಗೆ ಇಳಿದ. ಕೋವಿ ಸಿಗಲಿಲ್ಲ, ಇದ್ದರಲ್ಲವೆ ಸಿಗುವುದು? ಆದರೆ ಊರಿನವರು ಹಾಗೆ ತಿಳಿಯಲಿಲ್ಲ. ಪೊಲೀಸರಿಗೂ ಸಿಗದ ಹಾಗೆ ಕೋವಿ ಬಚ್ಚಿಟ್ಟ ಬುದ್ಧಿವಂತ ಎಂದು ದುಗ್ಗಪ್ಪನ ಕೀರ್ತಿ ಮೇಗರವಳ್ಳಿಯವರೆಗೆ ಹಬ್ಬಿತು. ಮದುವೆ ಮನೆಗಳಲ್ಲಿ ಜನ ಅವನನ್ನು ಪಕ್ಕಕ್ಕೆ ಕರೆದು, "ನಂಗಾದ್ರೂ ಹೇಳು ಮಾರಾಯ, ಎಲ್ಲಿಟ್ಟಿದೀಯ?" ಎನ್ನುತ್ತಿದ್ದರು. ದುಗ್ಗಪ್ಪ ಏನೂ ಹೇಳದೆ ಒಂದು ತೆಳ್ಳನೆಯ ನಗು ನಗುತ್ತಿದ್ದ. ಎಂಟು ವರ್ಷದಲ್ಲಿ ಆ ನಗೆ ಬಹಳ ಪಳಗಿತ್ತು.

ಅರ್ಜಿ ಶಿವಮೊಗ್ಗಕ್ಕೆ ಹೋಗಿ, ಅಲ್ಲಿಂದ ವಿಚಾರಣೆಗೆಂದು ಠಾಣೆಗೆ ಇಳಿದು, ಆಷಾಢದಲ್ಲಿ ದಫೇದಾರರ ಸೈಕಲ್ ಏರಿ ಹೆಬ್ಬೈಲಿಗೆ ಬಂತು. ದಫೇದಾರರೆಂದರೆ ಅದೇ ಸೀತಾರಾಮಪ್ಪ. ಬಡ್ತಿ ಸಿಕ್ಕಿತ್ತು, ಹೊಟ್ಟೆ ಬಂದಿತ್ತು. ಸೈಕಲ್ ಇಳಿದವರು ಮೊದಲು ಕೇಳಿದ್ದು, "ಆ ಗೊಬ್ಬರದ ಗುಂಡಿ ಇನ್ನೂ ಐತಾ?"

"ಐತೆ ಸೋಮಿ. ಈಗ ಅಗಲ ಮಾಡೀವಿ," ಎಂದ ದುಗ್ಗಪ್ಪ ವಿನಯದಿಂದ.

ದಫೇದಾರರು ಗುಂಡಿಯಿಂದ ದೂರದಲ್ಲಿ ಬೆಂಚು ಹಾಕಿಸಿಕೊಂಡು ಕುಳಿತು, ಅರ್ಜಿದಾರನ ನಡತೆಯ ಬಗ್ಗೆ ಊರವರ ಹೇಳಿಕೆ ಪಡೆಯಲು ಪುಸ್ತಕ ಬಿಚ್ಚಿದರು. ಊರವರಿಗೆ ದುಗ್ಗಪ್ಪನ ಮೇಲೆ ಪ್ರೀತಿ. ಗುತ್ಯಮ್ಮನ ತವರಿನ ಕೋವಿ ಮನೆಗೆ ಬರಲಿ ಎಂದು ಎಲ್ಲರಿಗೂ ಆಸೆ. ಆದ್ದರಿಂದ ಒಬ್ಬೊಬ್ಬರೂ ತಮ್ಮ ಕೈಲಾದಷ್ಟು ಸಹಾಯ ಮಾಡಿದರು.

"ಇವನಿಗೆ ಕೊಡದೆ ಇನ್ಯಾರಿಗೆ ಕೊಡ್ತೀರಿ ದಫೇದಾರ್ರೆ?" ಎಂದರು ವಾಸಪ್ಪಗೌಡರು. "ಕಿವಿ ಹಿಂದೆ ಹೊಡೆದಿದ್ದು, ಒಂದೇ ಈಡು! ನಾನೇ ಕಣ್ಣಾರೆ ಗಾಯ ನೋಡಿದೀನಿ."

ದಫೇದಾರರು ಬರೆದುಕೊಂಡರು.

"ಜೋಪಾನದ ಮನುಷ್ಯ," ಎಂದಳು ಎದುರು ಮನೆಯ ಮುದುಕಿ ಕೆರಿಯಮ್ಮ. "ಎಂಟು ವರ್ಷಾತು, ಆ ಕೋವಿ ಎಲ್ಲೈತೆ ಅಂತ ಒಂದು ನರಪಿಳ್ಳೆಗೆ ಗೊತ್ತಿಲ್ಲ. ಹೆಂಡ್ತಿಗೂ ಹೇಳಿಲ್ಲ ನನ್ನ ತಮ್ಮ!"

ದಫೇದಾರರು ಅದನ್ನೂ ಬರೆದುಕೊಂಡು ಕೆಳಗೆ ಗೆರೆ ಎಳೆದರು. ಕೊನೆಗೆ ಬಂದ ಜಟ್ಟಿಂಗಪ್ಪ ಹಳೆಯದನ್ನೆಲ್ಲ ಮರೆತು ದೊಡ್ಡ ಮನಸ್ಸಿನಿಂದ ಹೇಳಿದ: "ಬರೀರಿ. ಲೈಸೆನ್ಸು ಇಲ್ದೇನೇ ಇಷ್ಟು ಚಂದ ಹೊಡೆಯೋನು, ಲೈಸೆನ್ಸು ಇದ್ರೆ ಇನ್ನೆಷ್ಟು ಹೊಡೀಬಹುದು!"

ಹತ್ತು ದಿನಕ್ಕೆ ಠಾಣೆಯಿಂದ ಕರೆ ಬಂತು. ಧೈರ್ಯಕ್ಕೆಂದು ಗೌಡರೂ ಜಟ್ಟಿಂಗಪ್ಪನೂ ಜೊತೆಗೆ ಹೋದರು. ಸಬ್ ಇನ್ಸ್‌ಪೆಕ್ಟರ್ ಮುಕುಂದಯ್ಯ ಮೈಸೂರು ಕಡೆಯವರು, ಬಂದು ನಾಲ್ಕು ತಿಂಗಳಾಗಿತ್ತು. ಮಳೆಗಾಲ ಹಿಡಿದಾಗಿನಿಂದ ಒಣಗದ ಸಮವಸ್ತ್ರವನ್ನೇ ತೊಟ್ಟು ಶೀತದಿಂದ ಸೀನುತ್ತಿದ್ದರು. ಅವರ ಮುಂದೆ ಅರ್ಜಿಯ ಒಂಬತ್ತನೆಯ ಕಲಮು ಬಿಚ್ಚಿಕೊಂಡು ಬಿದ್ದಿತ್ತು.

"'ಪೊಲೀಸರಿಗೆ ಏನೂ ಸಿಕ್ಕಲಿಲ್ಲ.' ಏನಪ್ಪ, ನಮ್ಮನ್ನ ಹಂಗಿಸಿ ಬರೆದಿದ್ದೀಯಾ?"

"ಇಲ್ಲ ಸೋಮಿ, ನಡೆದಿದ್ದನ್ನೇ ಬರೆಸಿದ್ದು."

"ನೋಡು, ನಾನು ಕೂಗಾಡೋನಲ್ಲ. ಸಮಾಧಾನವಾಗಿ ಕೇಳ್ತೀನಿ. ಕೋವಿ ಎಲ್ಲಿ?"

"ಅಲ್ಲೇ ಐತಲ್ಲ ಸೋಮಿ," ಎಂದು ದುಗ್ಗಪ್ಪ ಗೋಡೆಗೆ ಒರಗಿಸಿದ್ದ, ಚೀಟಿ ಕಟ್ಟಿದ್ದ ಮಾವನ ಕೋವಿಯನ್ನು ತೋರಿಸಿದ.

"ಅದಲ್ಲಯ್ಯ. ಹಂದಿ ಹೊಡೆದ ಕೋವಿ."

ಈ ಕ್ಷಣದಲ್ಲಿ ನಿಜ ಹೇಳಿಬಿಟ್ಟಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ದುಗ್ಗಪ್ಪ ಬಾಯಿ ತೆರೆದದ್ದೂ ಅದಕ್ಕೇ. ಆದರೆ ಕಿಟಕಿಯ ಆಚೆ ಎರಡು ಮುಖಗಳು ಕಾಣಿಸಿದವು. ಒಂದು ಗೌಡರದು, ಹೆಮ್ಮೆಯಿಂದ ಅರಳಿತ್ತು. ಇನ್ನೊಂದು ಜಟ್ಟಿಂಗಪ್ಪನದು, ಕಿವಿಯೆಲ್ಲ ಈ ಕಡೆಗೆ. ಎಂಟು ವರ್ಷದ ಕೀರ್ತಿಯನ್ನು ಜಟ್ಟಿಂಗಪ್ಪನ ಎದುರಿಗೆ ಇಳಿಸಿಡುವುದು ಸಣ್ಣ ಮಾತೇ?

"ಅದು... ಆಗ ಇತ್ತು ಸೋಮಿ."

"ಈಗ?"

"ಈಗ ಅಷ್ಟಾಗಿ ಇಲ್ಲ."

ಮುಕುಂದಯ್ಯನವರು ಒಮ್ಮೆ ಸೀನಿದರು. "ಸರಿ. ಅಷ್ಟಾಗಿ ಇಲ್ಲದ ಕೋವಿಯನ್ನ ಬರೋ ಸೋಮವಾರದೊಳಗೆ ತಂದು ಒಪ್ಪಿಸು. ತಾನಾಗಿ ತಂದುಕೊಟ್ಟೋರ ಮೇಲೆ ನಾನು ಕೇಸು ಹಾಕೋನಲ್ಲ. ಅದು ಬಂದರೆ ಲೈಸೆನ್ಸಿಗೆ ಶಿಫಾರಸು. ಬರದಿದ್ದರೆ ಹುಲಿಯಪ್ಪನ ಕೋವಿ ಮಂಗಳವಾರ ಶಿವಮೊಗ್ಗಕ್ಕೆ ಹೋಗುತ್ತೆ."

ಹೀಗೆ, ಜನ್ಮದಲ್ಲಿ ಕೋವಿ ಮುಟ್ಟದ ಮನುಷ್ಯ, ಕೋವಿಗೆ ಲೈಸೆನ್ಸು ಪಡೆಯುವುದಕ್ಕಾಗಿ ಲೈಸೆನ್ಸಿಲ್ಲದ ಕೋವಿಯೊಂದನ್ನು ಹುಡುಕಿಕೊಂಡು ಹೊರಟ.

ಮನೆಯಲ್ಲಿ ಗುತ್ಯಮ್ಮ ಎಲ್ಲವನ್ನೂ ಕೇಳಿದಳು. "ಆಗ ಇತ್ತು ಅಂದ್ರಾ?"

"ಅಂದೆ."

"ಹಂಗಾದ್ರೆ ತಂದುಕೊಡಿ," ಎಂದು ಗಂಡನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು. ಆ ನೋಟದ ಅರ್ಥ ತಿಳಿಯುವಷ್ಟು ಪುರುಸೊತ್ತು ದುಗ್ಗಪ್ಪನಿಗಿರಲಿಲ್ಲ.

ಅವನು ನೇರವಾಗಿ ಜಟ್ಟಿಂಗಪ್ಪನ ಮನೆಗೆ ಹೋಗಿ, ಹವಾಮಾನ, ಸಸಿ ನಾಟಿ, ಎತ್ತಿನ ಕಾಲುಬೇನೆ ಎಲ್ಲವನ್ನೂ ಮಾತಾಡಿ, ಕೊನೆಗೆ ಕೇಳಿದ: "ನಿನ್ನ ಹತ್ರ... ಒಂದು... ಹೆಚ್ಚಿಗೆದು ಇರಬಹುದಾ?"

ಜಟ್ಟಿಂಗಪ್ಪ ಬಾಗಿಲು ಮುಂದೆ ಮಾಡಿದ. "ನಿಂದೇ ಐತಲ್ಲ, ನಂದು ಎಂತಕ್ಕೆ?"

"ನಂದು ಕೊಡೋಕೆ ಮನಸ್ಸು ಬರಲ್ಲ ಕಣಾ," ಎಂದ ದುಗ್ಗಪ್ಪ. ಒಂದು ಸುಳ್ಳಿನ ಮೇಲೆ ಇನ್ನೊಂದನ್ನು ಎಷ್ಟು ಸಲೀಸಾಗಿ ಕೂರಿಸಬಹುದು ಎಂದು ಅವನಿಗೇ ಆಶ್ಚರ್ಯವಾಯಿತು.

ಜಟ್ಟಿಂಗಪ್ಪ ಬೆಕ್ಕಸಬೆರಗಾಗಿ ನೋಡಿದ. ಪೊಲೀಸರಿಗೆ ಬೇರೆಯವರ ಕೋವಿ ಒಪ್ಪಿಸಿ ತನ್ನದನ್ನು ಉಳಿಸಿಕೊಳ್ಳುವ ಯೋಚನೆ! ಇಂಥವನ ಮೇಲೆ ಮೂಕರ್ಜಿ ಬರೆದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ತೊಟ್ಟಿಲಿನ ಹಲಗೆಯಡಿಯಿಂದ ತನಗಿದ್ದ ಒಂದೇ ಒಂದು ಕೋವಿಯನ್ನು, ಅಜ್ಜನ ಕಾಲದ ನಾಡಕೋವಿಯನ್ನು, ಎಳೆದುಕೊಟ್ಟ. "ಇದ್ರ ಚಿಂತೇಲಿ ನಂಗೆ ನಿದ್ದೆ ಇರಲಿಲ್ಲ ಮಾರಾಯ. ತಗೊಂಡು ಹೋಗು. ಹೆಂಗಿದ್ರೂ ನಿನ್ನ ಹೆಸರು ಕೆಟ್ಟಾಗೈತಲ್ಲ."

ಗುಟ್ಟು ಒಬ್ಬರಲ್ಲೇ ಇದ್ದರೆ ಅದಕ್ಕೂ ಬೇಸರ ಬರುತ್ತದೆ ಎಂಬುದು ಜಟ್ಟಿಂಗಪ್ಪನ ನಂಬಿಕೆ. ಸಂಜೆಯೊಳಗೆ ಸುದ್ದಿ ಊರಿಡೀ ತಿರುಗಿ, ತಿರುಗಿದಲ್ಲೆಲ್ಲ ಬೆಳೆಯಿತು: ಹೊಸ ಸಾಹೇಬರು ಮಂಗಳವಾರ ವ್ಯಾನಿನಲ್ಲಿ ಬಂದು ಮನೆಮನೆ ಶೋಧಿಸುತ್ತಾರಂತೆ, ಅದಕ್ಕೆ ಮೊದಲು ದುಗ್ಗಪ್ಪನ ಕೈಯಲ್ಲಿ ಕೊಟ್ಟರೆ ಎಲ್ಲವೂ ಮಾಫಿಯಂತೆ.

ಮಾರನೆಯ ಬೆಳಿಗ್ಗೆಯಿಂದ ದುಗ್ಗಪ್ಪನ ಜಗಲಿಗೆ ಜನ ಬರತೊಡಗಿದರು. ಒಬ್ಬ ಹಲಸಿನ ಹಣ್ಣಿನ ಹೆಡಿಗೆಯಲ್ಲಿ ತಂದ. ಒಬ್ಬ ಕಂಬಳಿಯಲ್ಲಿ ಸುತ್ತಿ, ಮೈ ಸರಿಯಿಲ್ಲದ ಮಗುವೇನೋ ಎಂಬಂತೆ ಹೆಗಲಿಗೆ ಆನಿಸಿಕೊಂಡು ಬಂದ. ಇನ್ನೊಬ್ಬ ಬಿದಿರಿನ ಬೊಂಬಿನೊಳಗೆ ತೂರಿಸಿ ತಂದು, ಇದು ಬರೀ ಬಿದಿರು ಎಂದೇ ಸಾಧಿಸಿ ಇಟ್ಟು ಹೋದ. ದುಗ್ಗಪ್ಪನಿಗೆ ಬೇಡ ಎನ್ನುವ ಅಭ್ಯಾಸವೇ ಇರಲಿಲ್ಲ. ಬಂದವರಿಗೆಲ್ಲ ಗುತ್ಯಮ್ಮ ಮಜ್ಜಿಗೆ ಕೊಟ್ಟಳು.

ನಾಲ್ಕನೆಯವರಾಗಿ ವಾಸಪ್ಪಗೌಡರೇ ಹಿತ್ತಿಲ ಕಡೆಯಿಂದ ಬಂದರು.

"ಗೌಡ್ರೆ, ನಿಮ್ಮದು ಲೈಸೆನ್ಸಿನ ಕೋವಿ ಅಲ್ದಾ?"

"ಅದು ಒಂದು. ಇದು ಅದರ ತಮ್ಮ," ಎಂದರು ಗೌಡರು ಗಂಭೀರವಾಗಿ, ಹೆಂಡತಿಯ ಹಳೆಯ ಸೀರೆಯಲ್ಲಿ ಸುತ್ತಿದ್ದನ್ನು ಕೆಳಗಿಡುತ್ತ. "ಪಟೇಲಿಕೆ ಮನೇಲಿ ಸಿಕ್ಕಿದ್ರೆ ಚಂದ ಅಲ್ಲ. ಸೀರೆ ವಾಪಸು ಕೊಡಬೇಕಂತೆ."

ಎಲ್ಲರಿಗಿಂತ ಕಡೆಗೆ ಕೆರಿಯಮ್ಮ ಅಂಗಳ ದಾಟಿ ಬಂದಳು. ಕೈಯಲ್ಲಿ ಮಸಿ ಹಿಡಿದ ಒಂದು ಕಬ್ಬಿಣದ ನಳಿಗೆ. "ನಮ್ಮನೆಯವ್ರು ಸಾಯೋವಾಗ ಇದನ್ನ ಅಡಗಿಸಿಡು ಅಂದಿದ್ರು ತಮ್ಮ. ಮರದ ಹಿಡಿ ಕಿತ್ತು ಒಲೆಗೆ ಹಾಕಿದೆ. ಇದ್ರಾಗೆ ಹದಿನೈದು ವರ್ಷದಿಂದ ಒಲೆ ಊದ್ತಾ ಇದೀನಿ. ಮುಂದೆ ಎಂತ ಮಾಡೋದು ನಾನು?"

"ಬಿದಿರಿಂದ ಒಂದು ಮಾಡಿಕೊಡ್ತೀನಿ ಅತ್ತೆ," ಎಂದ ದುಗ್ಗಪ್ಪ.

ಭಾನುವಾರ ಸಂಜೆ ಎಣಿಸಿದರೆ ಒಂಬತ್ತು ಕೋವಿಗಳಿದ್ದವು.

ಸೋಮವಾರ ಎತ್ತಿನ ಗಾಡಿಯಲ್ಲಿ, ಹುಲ್ಲಿನಡಿಯಲ್ಲಿ ಒಂಬತ್ತು ಕೋವಿಗಳು, ಹುಲ್ಲಿನ ಮೇಲೆ ಗುತ್ಯಮ್ಮ, ಹಿಂದೆ ಕೊಡೆ ಹಿಡಿದ ಅರ್ಧ ಊರು. ಹೆಬ್ಬೈಲಿನಿಂದ ಅಷ್ಟು ದೊಡ್ಡ ದಿಬ್ಬಣ ಯಾವ ಮದುವೆಗೂ ಹೋದದ್ದಿಲ್ಲ. ಠಾಣೆಯ ಮುಂದೆ ದಫೇದಾರ್ ಸೀತಾರಾಮಪ್ಪ ಹುಲ್ಲು ಸರಿಸಿದರು. ಒಂದು ತೆಗೆದರು. ಎರಡು ತೆಗೆದರು. ಐದನೆಯದಕ್ಕೆ ಅವರ ಟೋಪಿ ತಾನಾಗಿ ಹಿಂದಕ್ಕೆ ಸರಿಯಿತು. ಎಂಟು ವರ್ಷದ ಹಿಂದೆ ಒಂದೂ ಸಿಗದ ಮನೆ ಅದು!

ಮೇಜಿನ ಮೇಲೆ ಒಂಬತ್ತನ್ನೂ ಸಾಲಾಗಿ ಜೋಡಿಸಿದ ಮೇಲೆ ಮುಕುಂದಯ್ಯನವರಿಗೆ ಸೀನು ಬಂದದ್ದು ಅರ್ಧಕ್ಕೇ ನಿಂತಿತು.

"ದುಗ್ಗಪ್ಪ. ನಾನು ಕೇಳಿದ್ದು ಒಂದು."

"ಹೌದು ಸೋಮಿ."

"ಇದರಲ್ಲಿ ನಿಂದು ಯಾವುದು?"

ದುಗ್ಗಪ್ಪ ಒಂದೊಂದನ್ನೂ ನೋಡಿದ. ಬಾಗಿಲಲ್ಲಿ ಊರವರು ಉಸಿರು ಹಿಡಿದು ನಿಂತಿದ್ದರು. ಯಾರದನ್ನು ತೋರಿಸಿದರೂ ಆ ಮನೆಗೆ ಅಪಾಯ.

"ಉತ್ತರ ಇಲ್ಲ ಅಂದರೆ ಒಂಬತ್ತೂ ನಿನ್ನವೇ ಅಂತ ಬರೀತೀನಿ," ಎಂದರು ಮುಕುಂದಯ್ಯ. "ಒಂಬತ್ತು ಕಳ್ಳಕೋವಿ ಇಟ್ಟೋನಿಗೆ ಹತ್ತನೇದಕ್ಕೆ ಲೈಸೆನ್ಸು ಕೊಡಿ ಅಂತ ಶಿಫಾರಸು ಮಾಡಿದರೆ ಶಿವಮೊಗ್ಗದಲ್ಲಿ ನನ್ನ ತಲೆ ಪರೀಕ್ಷೆ ಮಾಡಿಸ್ತಾರೆ. ಸೀತಾರಾಮಪ್ಪ, ಹುಲಿಯಪ್ಪನ ಕೋವಿ ನಾಳಿನ ಬಸ್ಸಿಗೆ ಕಟ್ಟಿಡಿ."

ದಫೇದಾರರು ಆ ಕೋವಿಯನ್ನು ಗೋಣಿತಾಟಿಗೆ ಸುತ್ತಲು ಎತ್ತಿಕೊಂಡರು. ಬೆಂಚಿನ ತುದಿಯಲ್ಲಿ ಕುಳಿತಿದ್ದ ಗುತ್ಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡಳು. ಅಪ್ಪ ತೀರಿಕೊಂಡ ದಿನವೂ ಅವಳು ಹೀಗೆಯೇ ಕುಳಿತಿದ್ದಳು.

ದುಗ್ಗಪ್ಪ ಬಾಗಿಲ ಕಡೆ ನೋಡಿದ. ಗೌಡರು ಇದ್ದರು, ಜಟ್ಟಿಂಗಪ್ಪ ಇದ್ದ, ಅರ್ಧ ಊರಿತ್ತು.

"ಸೋಮಿ, ಒಂದೂ ನಂದಲ್ಲ. ಆಗ್ಲೂ ಇರಲಿಲ್ಲ, ಈಗ್ಲೂ ಇಲ್ಲ. ಆ ಹಂದಿ ನಾನು ಹೊಡೆದಿದ್ದಲ್ಲ. ನಾನು ಹೋಗೋ ಹೊತ್ತಿಗೇ ಅದು ಸತ್ತು ಬಿದ್ದಿತ್ತು. ನಾನು ಬರೀ ಅದ್ರ ಮೇಲೆ ಕೂತಿದ್ದೆ."

ಬಾಗಿಲಿನಿಂದ ಗೌಡರ ಮೆಚ್ಚುಗೆಯ ದನಿ ಬಂತು: "ನೋಡಿದ್ರಾ, ಎಂತ ಬುದ್ಧಿ! ಸಾಯೋವರೆಗೂ ಬಿಟ್ಟುಕೊಡಲ್ಲ ಅವನು."

"ನಿಜ ಹೇಳ್ತಿದೀನಿ ಗೌಡ್ರೆ!"

"ಹೇಳು ಹೇಳು, ಹಂಗೇ ಹೇಳು," ಎಂದು ಕೆರಿಯಮ್ಮ ಕಣ್ಣು ಮಿಟುಕಿಸಿ ಧೈರ್ಯ ತುಂಬಿದಳು.

ಮುಕುಂದಯ್ಯನವರು ಎದ್ದು ಬಂದು, ಮೇಜಿನಿಂದ ಕೈಗೆ ಸಿಕ್ಕಿದ ಒಂದನ್ನು ದುಗ್ಗಪ್ಪನ ಕೈಗೆ ಕೊಟ್ಟರು. "ಕೋವಿ ಮುಟ್ಟಿದೋನು ಹಿಡಿಯೋ ರೀತಿಯೇ ಬೇರೆ. ಹಿಡಿ, ನೋಡೋಣ. ಇದನ್ನು ಏನು ಮಾಡ್ತಾರೆ ತೋರಿಸು."

ಅದು ಕೆರಿಯಮ್ಮನ ನಳಿಗೆ. ದುಗ್ಗಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಅದರಿಂದ ಮಾಡುವ ಕೆಲಸವೆಂದು ಅವನು ಎದುರು ಮನೆಯಲ್ಲಿ ಕಣ್ಣಾರೆ ಕಂಡಿದ್ದು ಒಂದೇ. ಬಾಯಿಗಿಟ್ಟು ಶಕ್ತಿಮೀರಿ ಊದಿದ. ಹದಿನೈದು ವರ್ಷದ ಬೂದಿ ಹೊರಬಿದ್ದು, ಎದುರಿಗೆ ಗೋಣಿತಾಟು ಹಿಡಿದು ನಿಂತಿದ್ದ ದಫೇದಾರ್ ಸೀತಾರಾಮಪ್ಪನವರನ್ನು ಟೋಪಿಯಿಂದ ಬೆಲ್ಟಿನವರೆಗೆ ಮುಚ್ಚಿತು.

"ಈ ಮನುಷ್ಯನ ತನಿಖೆಗೆ ಇನ್ನು ನನ್ನ ಹಾಕಬೇಡಿ ಸಾರ್," ಎಂದರು ದಫೇದಾರರು, ಬೂದಿಯೊಳಗಿನಿಂದ.

ಮುಕುಂದಯ್ಯನವರು ಮುಖ ತಿರುಗಿಸಿ ಬಹಳ ಹೊತ್ತು ಕರವಸ್ತ್ರದಲ್ಲಿ ಸೀನಿದರು. ಅದು ಸೀನು ಹೌದೋ ಅಲ್ಲವೋ ಹೇಳುವುದು ಕಷ್ಟ. ಅಷ್ಟರಲ್ಲಿ ಜಟ್ಟಿಂಗಪ್ಪನಿಗೆ ಬೆಳಕು ಹರಿದಿತ್ತು. ಅವನು ಗೌಡರನ್ನು ತಳ್ಳಿಕೊಂಡು ಒಳಗೆ ನುಗ್ಗಿದ.

"ಹಂಗಾದ್ರೆ ಅದು ನನ್ನ ಈಡೇ! ಎಂಟು ವರ್ಷದಿಂದ ಬಡಕೊಂಡೆ, ಒಬ್ರಾದ್ರೂ ಕೇಳಿದ್ರಾ? ತಲೆ ನಂದು!"

"ಯಾರ ಈಡೂ ಅಲ್ಲ," ಎಂದಳು ಗುತ್ಯಮ್ಮ.

ಅವಳು ಅಷ್ಟು ಹೊತ್ತಿಗೆ ಎದ್ದು ನಿಂತಿದ್ದಳು. "ಆ ತಲೆ ಸುಟ್ಟು, ಕೊಯ್ದು, ಬೇಯಿಸಿದೋಳು ನಾನು ಜಟ್ಟಿಂಗಪ್ಪಣ್ಣ. ಶಿಕಾರಿ ಮನೇಲಿ ಹುಟ್ಟಿದೋಳು. ಹೊಡೆದ ಹಂದಿ ಆದ್ರೆ ಎಷ್ಟು ಹುಡುಕಿ ತೆಗೆದ್ರೂ ಸಾರಲ್ಲಿ ಒಂದು ಸೀಸದ ಚರೆ ಆದ್ರೂ ಹಲ್ಲಿಗೆ ಸಿಕ್ತದೆ. ಗೌಡ್ರೆ, ನಿಮ್ಮ ಪಾಲಲ್ಲಿ ಸಿಕ್ತಾ? ಅತ್ತೆ, ನಿಮಗೆ?"

ಕೆರಿಯಮ್ಮ ಉಳಿದ ಮೂರು ಹಲ್ಲುಗಳ ಮೇಲೆ ನಾಲಿಗೆ ಆಡಿಸಿ ನೆನಪು ಮಾಡಿಕೊಂಡಳು. "ಇಲ್ಲ ಕಣೇ. ಮೆತ್ತಗಿತ್ತು."

"ನಂಗೆ ಆವತ್ತೇ ಗೊತ್ತಾತು, ಇದು ಬಿದ್ದು ಸತ್ತ ಹಂದಿ ಅಂತ."

ದುಗ್ಗಪ್ಪ ಹೆಂಡತಿಯನ್ನು ಬಾಯಿ ಬಿಟ್ಟುಕೊಂಡು ನೋಡಿದ. "ಎಂಟು ವರ್ಷ... ನೀನು ಒಂದು ಮಾತು ಹೇಳಲಿಲ್ಲ?"

"ನೀವು ಮದುವೆ ಮನೇಲಿ ನಗೋದು ಚಂದ ಇತ್ತು," ಎಂದಳು ಅವಳು ಮೆಲ್ಲಗೆ. 

ಆಮೇಲೆ ಸಾಹೇಬರ ಕಡೆ ತಿರುಗಿದಳು. "ಸೋಮಿ, ನಮ್ಮನೆಯವರಿಗೆ ಲೈಸೆನ್ಸು ಕೊಡದಿದ್ರೆ ಬೇಡ. ಆದ್ರೆ ಅದನ್ನ ತುಂಡು ಮಾಡಬೇಡಿ. ಅಪ್ಪಯ್ಯನ ಮನೇದು ಅಂತ ನೀರಿನ ಮೇಲೆ ಉಳಿದಿದ್ದು ಅದೊಂದೇ."

ಮುಕುಂದಯ್ಯನವರು ಅವಳನ್ನು ಮೊದಲ ಸಲ ಎಂಬಂತೆ ನೋಡಿದರು. "ಅಪ್ಪಯ್ಯನ ಮನೇದು ಅಂದರೆ? ನೀವು ಹುಲಿಯಪ್ಪನ ಮಗಳಾ?"

"ಒಬ್ಬಳೇ ಮಗಳು."

"ಹಾಗಾದರೆ ವಾರಸುದಾರರು ನೀವಲ್ಲವೇನಮ್ಮ! ಅರ್ಜಿ ಇವನು ಯಾಕೆ ಹಾಕಿದ?"

ಗೌಡರು ಛಾವಣಿ ನೋಡಿದರು. ಕೋವಿ ಎಂದರೆ ಗಂಡಸಿನ ಹೆಸರಿಗೆ ಎಂದು ಇಡೀ ಹೆಬ್ಬೈಲು, ಮೇಷ್ಟರು ಸಮೇತ, ಯೋಚನೆಯನ್ನೇ ಮಾಡದೆ ನಂಬಿತ್ತು. ಮುಕುಂದಯ್ಯನವರು ಹೊಸ ಅರ್ಜಿಯೊಂದನ್ನು ಎಳೆದುಕೊಂಡು ತಾವೇ ತುಂಬತೊಡಗಿದರು. ಒಂಬತ್ತನೆಯ ಕಲಮಿಗೆ ಬಂದಾಗ ಲೇಖನಿ ನಿಲ್ಲಿಸಿದರು.

"ನಿಮ್ಮ ಮೇಲೆ ಯಾವತ್ತಾದರೂ ಪೊಲೀಸ್ ತನಿಖೆ ನಡೆದಿದೆಯಾ ಅಮ್ಮ?"

"ಈಗ ನಡೀತಾ ಐತಲ್ಲ ಸೋಮಿ."

"ಇಲ್ಲ ಅಂತ ಬರೀತೀನಿ," ಎಂದರು ಮುಕುಂದಯ್ಯ. ವಾರಸುದಾರಳ ಅರ್ಜಿ ವಿಚಾರಣೆಯಲ್ಲಿದೆ ಎಂದು ಚೀಟಿ ಬರೆದು ಹುಲಿಯಪ್ಪನ ಕೋವಿಗೆ ಅಂಟಿಸಿದರು. ಅದು ಬಸ್ಸು ಹತ್ತಲಿಲ್ಲ. ಮೇಜಿನ ಮೇಲಿನ ಒಂಬತ್ತನ್ನು "ಹಳ್ಳದ ಬದಿಯಲ್ಲಿ ದೊರೆತ, ವಾರಸುದಾರರಿಲ್ಲದ ಆಯುಧಗಳು" ಎಂದು ದಾಖಲು ಮಾಡಿದರು. ಇಷ್ಟು ಕಳ್ಳಕೋವಿ ಒಂದೇ ದಿನ ಹಿಡಿದದ್ದಕ್ಕೆ ಅವರಿಗೆ ಮೇಲಿನಿಂದ ಮೆಚ್ಚುಗೆಯ ಪತ್ರ ಬಂದು, ಬೆಚ್ಚಗಿನ ಊರಿಗೆ ವರ್ಗವೂ ಆಯಿತೆಂದು ಕೇಳಿದ್ದೇನೆ.

ಗುತ್ಯಮ್ಮನ ಹೆಸರಿನ ಲೈಸೆನ್ಸು ಶಿವಮೊಗ್ಗದಿಂದ ಬರುವ ಹೊತ್ತಿಗೆ ಗದ್ದೆಯಲ್ಲಿ ತೆನೆ ಬಾಗಿತ್ತು, ಹಂದಿ ಇಳಿಯಲು ಶುರುವಾಗಿತ್ತು. ಊರಿನಲ್ಲಿ ಕೋವಿಗಳು ಎರಡೇ ಉಳಿದಿದ್ದವು. ಗೌಡರ ಕೋವಿಯ ಕುದುರೆ, ಎಂದರೆ ಕೇಪನ್ನು ಬಡಿಯುವ ಕೀಲು, ಮುರಿದು ರಿಪೇರಿಗೆಂದು ತೀರ್ಥಹಳ್ಳಿಗೆ ಹೋಗಿತ್ತು. ಶಿಕಾರಿಯ ದಿನ ಬೆಳಿಗ್ಗೆ ಗೌಡರೇ ಮುಂದಾಗಿ ದುಗ್ಗಪ್ಪನ ಅಂಗಳಕ್ಕೆ ಬಂದರು.

"ಗುತ್ಯಮ್ಮ, ಕೋವಿ ಒಂದು ಕೊಡಬೇಕಲ್ಲ. ಕೋವಿ ಪಾಲು ಮನೆಗೆ ಬರ್ತದೆ."

"ಕೋವಿ ಒಂದೇ ಬರಲ್ಲ ಗೌಡ್ರೆ. ಲೈಸೆನ್ಸಿರೋರ ಕೈಲೇ ಇರಬೇಕು ಅಂತ ಸಾಹೇಬ್ರು ಹೇಳಿದಾರೆ. ನಾನೇ ಬರ್ತೀನಿ."

ಹೆಬ್ಬೈಲಿನ ಶಿಕಾರಿಗೆ ಹೆಂಗಸು ಹೋದದ್ದಿಲ್ಲ. ಗೌಡರು ಕೋವಿ ನೋಡಿದರು, ಗದ್ದೆ ನೋಡಿದರು, ಕಾಡು ನೋಡಿದರು. ಕೊನೆಗೆ "ಕಾನೂನು ಅಂದ್ಮೇಲೆ ಕಾನೂನು," ಎಂದು ಬಿಟ್ಟರು. ಗುತ್ಯಮ್ಮ ಸೀರೆಯನ್ನು ಎತ್ತಿ ಕಟ್ಟಿ ಹಳ್ಳದ ತಿರುವಿನಲ್ಲಿ ಅಪ್ಪ ಕೂರುತ್ತಿದ್ದಂತೆಯೇ ಒಂದು ಮೊಣಕಾಲು ಊರಿ ಕುಳಿತಳು. ಹಂದಿ ಎಬ್ಬಿಸುವ ಕೆಲಸ ದುಗ್ಗಪ್ಪನದು. ಅವನ ಕೈಗೆ ಒಂದು ಸೀಮೆಎಣ್ಣೆ ಡಬ್ಬ ಕೊಟ್ಟರು. ಆ ಡಬ್ಬವನ್ನು ಅವನು ಎಂಥ ಉತ್ಸಾಹದಿಂದ ಬಡಿದನೆಂದರೆ, ಹಂದಿಗಳು ಬರಬೇಕಾದ ದಾರಿ ಬಿಟ್ಟು ನೇರವಾಗಿ ತೀರ್ಥಹಳ್ಳಿ ತಾಲ್ಲೂಕಿಗೆ ಓಡಿಹೋದವು.

"ಒಂದು ಈಡೂ ಹಾರಲಿಲ್ಲ," ಎಂದ ದುಗ್ಗಪ್ಪ, ವಾಪಸು ಬರುವಾಗ, ತಪ್ಪಿತಸ್ಥನಂತೆ. "ಬೇಜಾರಾತಾ?"

"ಎಂತಕ್ಕೆ ಬೇಜಾರು? ಅಪ್ಪಯ್ಯನ ಸಂಗಡ ಕಾಡು ಸುತ್ತಿ ಬಂದ್ಹಂಗಾತು."

"ಭಾರ ಐತೇನೋ. ಕೊಡು, ನಾನು ಹೊರ್ತೀನಿ."

"ಮುಟ್ಟಬೇಡಿ! ಕೇಸಾಗ್ತದೆ."

ಅವಳು ಕೋವಿಯನ್ನು ಹೆಗಲಿಗೆ ಹಾಕಿಕೊಂಡು ಮುಂದೆ ನಡೆದಳು. ಅವನು ನೆಗ್ಗಿದ ಡಬ್ಬ ಹಿಡಿದು ಎರಡು ಹೆಜ್ಜೆ ಹಿಂದೆ. ಊರಿನ ಮೊದಲ ಮನೆಗಳು ಬಂದವು. ಎಲ್ಲ ಬಾಗಿಲುಗಳೂ ಮುಚ್ಚಿದ್ದವು, ಅಂಗಳದಲ್ಲಿ ಒಂದು ಪಿಳ್ಳೆಯೂ ಇರಲಿಲ್ಲ. ದುಗ್ಗಪ್ಪ ಹಿಂದೆಮುಂದೆ ನೋಡಿ, ಜಟ್ಟಿಂಗಪ್ಪನ ಬಾಗಿಲ ನೇರಕ್ಕೆ ಬಂದಾಗ, ಕೈ ಎತ್ತಿ ಡಬ್ಬಕ್ಕೆ ಬಲವಾಗಿ ಒಂದು ಬಿಗಿದ. ಬಾಗಿಲುಗಳು ಒಂದೊಂದಾಗಿ ತೆರೆದವು. ಗುತ್ಯಮ್ಮ ಹಾದುಹೋಗುವುದನ್ನು ಎಲ್ಲರೂ ನೋಡಿ ಮುಗಿಸುವವರೆಗೆ ಅವನು ಬಡಿಯುತ್ತಲೇ ಇದ್ದ.